ಜನಗಣತಿಯ ಅಂಕಿಯಿಂದ ಲೋಕಸಭೆಯ ಸ್ಥಾನದವರೆಗೆ: ಹಾಸನ, ಚಿಕ್ಕಮಗಳೂರಿನವರು ತಾವೇ ಲೆಕ್ಕ ಹಾಕುವ ಬಗೆ

ಕ್ಷೇತ್ರ ಪುನರ್ವಿಂಗಡಣೆಯ ಚರ್ಚೆ ನಮ್ಮ ಕಡೆ ಸಾಮಾನ್ಯವಾಗಿ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ: ಉತ್ತರದಲ್ಲಿ ಜನ ಹೆಚ್ಚು, ಆದ್ದರಿಂದ ಅವರಿಗೆ ಸೀಟು ಹೆಚ್ಚು, ನಮಗೆ ನಷ್ಟ. ಈ ಮಾತು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಅಂಕಿಗಳನ್ನು ಕೈಯಾರೆ ಭಾಗಿಸಿ ನೋಡಿದರೆ, ದೆಹಲಿಯಲ್ಲಿ ಕರ್ನಾಟಕಕ್ಕೆ ಆಗಬಹುದಾದ ನಷ್ಟ ತಮಿಳುನಾಡು ಮತ್ತು ಕೇರಳಗಳಿಗೆ ಆಗುವಷ್ಟು ದೊಡ್ಡದಲ್ಲವೆಂದೂ, ಹಾಸನ ಹಾಗೂ ಚಿಕ್ಕಮಗಳೂರು ಜಿಲ್ಲೆಗಳಿಗೆ ಹೆಚ್ಚಿನ ಹೊಡೆತ ಬೆಂಗಳೂರಿನ ದಿಕ್ಕಿನಿಂದ ಬೀಳುತ್ತದೆಂದೂ ಗೊತ್ತಾಗುತ್ತದೆ. ಈ ತೀರ್ಮಾನವನ್ನು ಯಾರ ಮಾತಿನ ಮೇಲೂ ನಂಬಬೇಕಾಗಿಲ್ಲ. ಮೊಬೈಲಿನ ಕ್ಯಾಲ್ಕ್ಯುಲೇಟರ್, ಒಂದು ಹಾಳೆ ಮತ್ತು ಜನಗಣತಿಯ ಹತ್ತಾರು ಅಂಕಿಗಳಿದ್ದರೆ ಯಾರು ಬೇಕಾದರೂ ಲೆಕ್ಕ ಹಾಕಬಹುದು.

ಎರಡು ಕೆಲಸಗಳನ್ನು ಮೊದಲು ಬೇರ್ಪಡಿಸಿಕೊಳ್ಳಿ

ಪುನರ್ವಿಂಗಡಣೆ ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳು ನಡೆಯುತ್ತವೆ. ಲೋಕಸಭೆಯ ಒಟ್ಟು ಸ್ಥಾನಗಳಲ್ಲಿ ಯಾವ ರಾಜ್ಯಕ್ಕೆ ಎಷ್ಟು ಎಂದು ಹಂಚುವುದು ಮೊದಲನೆಯದು. ಹಾಗೆ ಸಿಕ್ಕ ಸ್ಥಾನಗಳಿಗೆ ರಾಜ್ಯದೊಳಗೆ ಗಡಿ ಎಳೆಯುವುದು, ಜೊತೆಗೆ ವಿಧಾನಸಭಾ ಕ್ಷೇತ್ರಗಳನ್ನು ಜಿಲ್ಲೆಗಳ ನಡುವೆ ಹಂಚುವುದು ಎರಡನೆಯದು. ಸಂವಿಧಾನದ 81ನೇ ವಿಧಿಯ ಎರಡನೇ ಖಂಡ ಇವೆರಡನ್ನೂ ಪ್ರತ್ಯೇಕವಾಗಿಯೇ ಹೇಳುತ್ತದೆ: ಜನಸಂಖ್ಯೆಗೂ ಸ್ಥಾನಗಳಿಗೂ ಇರುವ ಅನುಪಾತ ಸಾಧ್ಯವಾದ ಮಟ್ಟಿಗೆ ಎಲ್ಲ ರಾಜ್ಯಗಳಲ್ಲಿ ಒಂದೇ ಆಗಿರಬೇಕು, ಹಾಗೆಯೇ ಒಂದು ರಾಜ್ಯದೊಳಗಿನ ಎಲ್ಲ ಕ್ಷೇತ್ರಗಳಲ್ಲಿಯೂ ಒಂದೇ ಆಗಿರಬೇಕು. ವಿಧಾನಸಭೆಗಳಿಗೆ ಇದೇ ನಿಯಮವನ್ನು 170ನೇ ವಿಧಿ ಹೇಳುತ್ತದೆ.

ಮೊದಲ ಕೆಲಸ 1971ರ ಜನಗಣತಿಯ ನಂತರ ನಿಂತುಹೋಗಿದೆ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, 42ನೇ ತಿದ್ದುಪಡಿ ರಾಜ್ಯಗಳ ಸ್ಥಾನಗಳನ್ನು 2000ದ ನಂತರದ ಮೊದಲ ಜನಗಣತಿಯವರೆಗೆ ತಡೆಹಿಡಿಯಿತು. ಕುಟುಂಬ ಯೋಜನೆಯನ್ನು ಶ್ರದ್ಧೆಯಿಂದ ನಡೆಸಿದ ರಾಜ್ಯ ಅದೇ ಕಾರಣಕ್ಕೆ ಸಂಸತ್ತಿನಲ್ಲಿ ದುರ್ಬಲವಾಗಬಾರದು ಎಂಬುದು ಅದರ ಹಿಂದಿನ ವಾದ. 2001ರ 84ನೇ ತಿದ್ದುಪಡಿ ಆ ತಡೆಯನ್ನು 2026ರ ನಂತರ ನಡೆಯುವ ಮೊದಲ ಜನಗಣತಿಯವರೆಗೆ ಮುಂದೂಡಿತು. ಎರಡನೆಯ ಕೆಲಸ ಮಾತ್ರ ನಿಲ್ಲಲಿಲ್ಲ. 2003ರ 87ನೇ ತಿದ್ದುಪಡಿಯ ಬಲದಿಂದ 2001ರ ಜನಗಣತಿಯನ್ನು ಆಧರಿಸಿ ನ್ಯಾಯಮೂರ್ತಿ ಕುಲದೀಪ್ ಸಿಂಗ್ ಅಧ್ಯಕ್ಷತೆಯ ಆಯೋಗ ಒಳಗಡಿಗಳನ್ನು ಹೊಸದಾಗಿ ಎಳೆಯಿತು, ಮತ್ತು ಆ ಹೊಸ ಗಡಿಗಳ ಮೇಲೆ ಮೊದಲು ಚುನಾವಣೆ ಎದುರಿಸಿದ್ದು 2008ರ ಕರ್ನಾಟಕ ವಿಧಾನಸಭೆ. ನಮ್ಮ ಎರಡು ಜಿಲ್ಲೆಗಳು ಆಗ ಕಳೆದುಕೊಂಡದ್ದೇನು ಎಂಬುದಕ್ಕೆ ಮುಂದೆ ಬರುತ್ತೇನೆ.

ರಾಜ್ಯದ ಲೆಕ್ಕ

ಮೂರು ಅಂಕಿಗಳನ್ನು ಬರೆದುಕೊಳ್ಳಿ: ದೇಶದ ಜನಸಂಖ್ಯೆ, ರಾಜ್ಯದ ಜನಸಂಖ್ಯೆ, ಲೋಕಸಭೆಯ ಒಟ್ಟು ಸ್ಥಾನ. 2011ರ ಜನಗಣತಿಯ ಪ್ರಕಾರ ದೇಶದ ಜನಸಂಖ್ಯೆ 121,08,54,977 ಮತ್ತು ಕರ್ನಾಟಕದ್ದು 6,10,95,297. ಲೋಕಸಭೆಯ ಸ್ಥಾನ 543. ಮುಂದಿನ ಹಂಚಿಕೆ ಹೊಸ ಜನಗಣತಿಯ ಮೇಲೆಯೇ ನಡೆಯಬೇಕಾದರೂ ಕ್ರಮವನ್ನು ಕಲಿಯಲು ಹಳೆಯ ಅಂಕಿಗಳು ಸಾಕು. ಹೊಸವು ಬಂದಾಗ ಅದೇ ಜಾಗದಲ್ಲಿ ಅವನ್ನು ಇಟ್ಟು ಮತ್ತೆ ಭಾಗಿಸಿದರಾಯಿತು.

ದೇಶದ ಜನಸಂಖ್ಯೆಯನ್ನು 543ರಿಂದ ಭಾಗಿಸಿದರೆ ಒಬ್ಬ ಸಂಸದನಿಗೆ ಸರಾಸರಿ 22.30 ಲಕ್ಷ ಜನ ಬರುತ್ತಾರೆ. ರಾಜ್ಯದ ಜನಸಂಖ್ಯೆಯನ್ನು ಈ ಸರಾಸರಿಯಿಂದ ಭಾಗಿಸಿದಾಗ ಸಿಗುವುದೇ ಆ ರಾಜ್ಯದ ಪಾಲು. ಕರ್ನಾಟಕಕ್ಕೆ 27.40 ಬರುತ್ತದೆ, ಈಗ ಇರುವುದು 28. ಅಂದರೆ ಒಟ್ಟು 543ನ್ನು ಹಾಗೆಯೇ ಉಳಿಸಿಕೊಂಡು 2011ರ ಅಂಕಿಗಳ ಮೇಲೆ ಹಂಚಿದರೂ ನಮ್ಮ ರಾಜ್ಯ ಕಳೆದುಕೊಳ್ಳುವುದು ಹೆಚ್ಚೆಂದರೆ ಒಂದು ಸ್ಥಾನ. ಅದೇ ಲೆಕ್ಕದಲ್ಲಿ ತಮಿಳುನಾಡಿಗೆ 32.35 ಬರುತ್ತದೆ, ಈಗಿರುವುದು 39, ಕೇರಳಕ್ಕೆ 14.98, ಈಗಿರುವುದು 20. ಉತ್ತರ ಪ್ರದೇಶ 80ರಿಂದ 89.60ಕ್ಕೂ, ಬಿಹಾರ 40ರಿಂದ 46.68ಕ್ಕೂ, ರಾಜಸ್ಥಾನ 25ರಿಂದ 30.74ಕ್ಕೂ ಏರುತ್ತವೆ. ದಕ್ಷಿಣದ ರಾಜ್ಯಗಳೆಲ್ಲ ಒಂದೇ ಸಾಲಿನಲ್ಲಿ ನಿಂತಿವೆ ಎಂಬಂತೆ ಬರೆಯುವ ಲೇಖನಗಳು ಕರ್ನಾಟಕ ಮತ್ತು ಕೇರಳಗಳ ನಡುವಿನ ಈ ಅಂತರವನ್ನು ಮರೆಮಾಡುತ್ತವೆ.

ಈ ಅಂತರ ಎಲ್ಲಿಂದ ಬಂತೆಂದು ನೋಡಲು 1971ಕ್ಕೆ ಹಿಂದಿರುಗಿ. ಆ ಜನಗಣತಿಯಲ್ಲಿ ನಮ್ಮ ರಾಜ್ಯದ (ಆಗಿನ್ನೂ ಅದರ ಹೆಸರು ಮೈಸೂರು) ಜನಸಂಖ್ಯೆ 2,92,99,014. ಅದನ್ನು 28ರಿಂದ ಭಾಗಿಸಿದರೆ ಒಂದು ಸ್ಥಾನಕ್ಕೆ 10.46 ಲಕ್ಷ. ಕೇರಳಕ್ಕೆ 10.67 ಲಕ್ಷ, ತಮಿಳುನಾಡಿಗೆ 10.56 ಲಕ್ಷ, ರಾಜಸ್ಥಾನಕ್ಕೆ 10.31 ಲಕ್ಷ, ಎಲ್ಲ ರಾಜ್ಯಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು. ನಲವತ್ತು ವರ್ಷಗಳ ನಂತರ, 2011ರಲ್ಲಿ, ಕೇರಳದ ಒಂದು ಸ್ಥಾನಕ್ಕೆ 16.70 ಲಕ್ಷ ಜನರಾದರೆ ಕರ್ನಾಟಕಕ್ಕೆ 21.82 ಲಕ್ಷ, ರಾಜಸ್ಥಾನಕ್ಕೆ 27.42 ಲಕ್ಷ. ಈ ನಲವತ್ತು ವರ್ಷಗಳಲ್ಲಿ ದೇಶದ ಜನಸಂಖ್ಯೆ 2.21 ಪಟ್ಟಾಯಿತು, ಕರ್ನಾಟಕದ್ದು 2.09 ಪಟ್ಟು, ಕೇರಳದ್ದು 1.56 ಪಟ್ಟು, ರಾಜಸ್ಥಾನದ್ದು 2.66 ಪಟ್ಟು. ಇಲ್ಲಿ ಮುಖ್ಯವಾದ ಅಂಶವೊಂದಿದೆ: ರಾಜ್ಯ ತನ್ನ ಪಾಲನ್ನು ಕಳೆದುಕೊಳ್ಳಲು ಅದರ ಜನಸಂಖ್ಯೆ ಇಳಿಯಬೇಕಾಗಿಲ್ಲ, ದೇಶದ ಸರಾಸರಿಗಿಂತ ನಿಧಾನವಾಗಿ ಏರಿದರೆ ಸಾಕು. ಕೇರಳದ ಜನಸಂಖ್ಯೆ ಆ ಅವಧಿಯಲ್ಲಿ ಒಂದು ಕೋಟಿಗೂ ಮೀರಿ ಹೆಚ್ಚಿತು, ಆದರೂ ಅದರ ಪಾಲು ಕುಗ್ಗಿತು.

ರಾಜಸ್ಥಾನದ ಮತದಾರನ ದೃಷ್ಟಿಯಿಂದ ನೋಡಿದರೆ ಇದೇ ಅಂಕಿ ಅನ್ಯಾಯದ ಇನ್ನೊಂದು ಮುಖ. ಅವನ ಸಂಸದ ಕೇರಳದ ಸಂಸದನಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚು ಜನರನ್ನು ಪ್ರತಿನಿಧಿಸುತ್ತಾನೆ, ಹಾಗಾಗಿ ಆ ಮತದಾರನ ಮತದ ತೂಕ ಅಷ್ಟರಮಟ್ಟಿಗೆ ಕಡಿಮೆ. ಒಬ್ಬರಿಗೆ ಒಂದು ಮತ, ಒಂದು ಮತಕ್ಕೆ ಒಂದೇ ಬೆಲೆ ಎಂಬ ತತ್ವವನ್ನು ಒಪ್ಪುವವರು ಈ ದೂರನ್ನು ಉತ್ತರದವರ ಹಟವೆಂದು ತಳ್ಳಿಹಾಕಲಾರರು. ತಡೆ ನೀಡಿದ್ದಕ್ಕೂ ಕಾರಣವಿತ್ತು, ತೆಗೆಯಬೇಕೆನ್ನುವುದಕ್ಕೂ ಕಾರಣವಿದೆ. ಲೆಕ್ಕ ಹಾಕುವವರು ಎರಡನ್ನೂ ಹಾಳೆಯ ಮೇಲೆ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

1971ರ ಅಂಕಿ ಇಂದಿಗೂ ಜೀವಂತವಾಗಿರುವುದನ್ನು ಕಾಣಲು ರಾಷ್ಟ್ರಪತಿ ಚುನಾವಣೆಯನ್ನು ನೋಡಬಹುದು. ರಾಜ್ಯದ 1971ರ ಜನಸಂಖ್ಯೆಯನ್ನು ಶಾಸಕರ ಸಂಖ್ಯೆಯಿಂದಲೂ ನಂತರ ಸಾವಿರದಿಂದಲೂ ಭಾಗಿಸಿದರೆ ಒಬ್ಬ ಶಾಸಕನ ಮತದ ಮೌಲ್ಯ ಸಿಗುತ್ತದೆ. 2,92,99,014ನ್ನು 224ರಿಂದ, ಬಂದದ್ದನ್ನು ಸಾವಿರದಿಂದ ಭಾಗಿಸಿ: 130.8, ಅಂದರೆ 131. ಬೇಲೂರಿನ ಶಾಸಕರ ಮತಕ್ಕೂ ಬೆಂಗಳೂರಿನ ಮಹದೇವಪುರದ ಶಾಸಕರ ಮತಕ್ಕೂ ಇದೇ ಬೆಲೆ. ಉತ್ತರ ಪ್ರದೇಶದ ಶಾಸಕರದ್ದು 208.

ಒಟ್ಟು ಸ್ಥಾನವನ್ನೇ ಹೆಚ್ಚಿಸಿದರೆ

ಯಾವ ರಾಜ್ಯದ ಸ್ಥಾನವೂ ಕಡಿಮೆಯಾಗದಂತೆ ಲೋಕಸಭೆಯ ಗಾತ್ರವನ್ನೇ ದೊಡ್ಡದು ಮಾಡುವುದು ಒಂದು ದಾರಿ. ಹೊಸ ಸಂಸತ್ ಭವನದ ಲೋಕಸಭಾ ಸಭಾಂಗಣವನ್ನು 888 ಆಸನಗಳಿಗಾಗಿ ಕಟ್ಟಿರುವುದರಿಂದ ಜಾಗದ ಕೊರತೆಯಿಲ್ಲ. 2025ರ ಫೆಬ್ರವರಿಯಲ್ಲಿ ಕೊಯಮತ್ತೂರಿನಲ್ಲಿ ಮಾತನಾಡಿದ ಕೇಂದ್ರ ಗೃಹ ಸಚಿವ ಅಮಿತ್ ಶಾ ಅವರು ದಕ್ಷಿಣದ ಯಾವ ರಾಜ್ಯವೂ ಒಂದು ಸ್ಥಾನವನ್ನೂ ಕಳೆದುಕೊಳ್ಳುವುದಿಲ್ಲವೆಂಬ ಭರವಸೆಯನ್ನು ಪ್ರಮಾಣಾನುಸಾರದ ಲೆಕ್ಕದಲ್ಲಿ ನೀಡಿದರು. ಇಂಥ ಭರವಸೆ ಯಾವ ಪಕ್ಷದಿಂದ ಬಂದರೂ ಕೇಳಬೇಕಾದ ಪ್ರಶ್ನೆ ಒಂದೇ: ಯಾವುದರ ಪ್ರಮಾಣಕ್ಕೆ ಅನುಸಾರ? ಈಗಿರುವ ಸ್ಥಾನಗಳ ಪ್ರಮಾಣಕ್ಕೋ, ಹೊಸ ಜನಸಂಖ್ಯೆಯ ಪ್ರಮಾಣಕ್ಕೋ?

ಈಗಿನ ಸ್ಥಾನಗಳ ಪ್ರಮಾಣಕ್ಕೆಂದಾದರೆ ಎಲ್ಲ ರಾಜ್ಯಗಳ ಸ್ಥಾನವೂ ಒಂದೇ ಪಟ್ಟಿನಲ್ಲಿ ಹೆಚ್ಚುತ್ತದೆ, ಶೇಕಡಾವಾರು ಪಾಲು ಬದಲಾಗುವುದಿಲ್ಲ. 1976ರ ತಡೆಯೇ ಬೇರೆ ಅಂಕಿಯಲ್ಲಿ ಮುಂದುವರಿದಂತೆ. ಜನಸಂಖ್ಯೆಯ ಪ್ರಮಾಣಕ್ಕೆಂದಾದರೆ ಏನಾಗುತ್ತದೆಂದು ಕೇರಳದಿಂದ ಆರಂಭಿಸಿ ಲೆಕ್ಕ ಹಾಕಿ. ಕೇರಳದ 20 ಸ್ಥಾನ ಉಳಿಯಬೇಕಾದರೆ ಒಂದು ಸ್ಥಾನಕ್ಕೆ ಸರಾಸರಿ 16.70 ಲಕ್ಷ ಜನ ಇರಬೇಕು. ದೇಶದ ಜನಸಂಖ್ಯೆಯನ್ನು ಇದರಿಂದ ಭಾಗಿಸಿದರೆ ಲೋಕಸಭೆಗೆ 725 ಸ್ಥಾನಗಳು ಬೇಕಾಗುತ್ತವೆ. ಆಗ ಕರ್ನಾಟಕಕ್ಕೆ 36.58, ತಮಿಳುನಾಡಿಗೆ 43.19, ಉತ್ತರ ಪ್ರದೇಶಕ್ಕೆ 119.63. ಯಾರಿಗೂ ಒಂದು ಸ್ಥಾನವೂ ಕಡಿಮೆಯಾಗಿಲ್ಲ. ಆದರೆ ಕೇರಳದ ಪಾಲು ಶೇ. 3.68ರಿಂದ 2.76ಕ್ಕೂ, ತಮಿಳುನಾಡಿನದ್ದು ಶೇ. 7.18ರಿಂದ 5.96ಕ್ಕೂ ಇಳಿದಿರುತ್ತದೆ, ಉತ್ತರ ಪ್ರದೇಶದ್ದು ಶೇ. 14.73ರಿಂದ 16.50ಕ್ಕೆ ಏರಿರುತ್ತದೆ. ಕರ್ನಾಟಕದ್ದು ಶೇ. 5.16ರಿಂದ 5.05ಕ್ಕೆ ಬಂದಿರುತ್ತದೆ. ಮಸೂದೆ ಅಂಗೀಕಾರವಾಗುವುದು ಬಹುಮತದಿಂದ; ಬಹುಮತ ಎಂದರೆ ಪಾಲು. ಆದ್ದರಿಂದ ಯಾವ ಯೋಜನೆ ಮುಂದೆ ಬಂದರೂ ಸ್ಥಾನಗಳ ಸಂಖ್ಯೆಯ ಪಕ್ಕದಲ್ಲಿ ಶೇಕಡಾವಾರು ಪಾಲಿಗೆ ಇನ್ನೊಂದು ಅಂಕಣ ಹಾಕಿಕೊಳ್ಳಿ, ಆ ಎರಡನೆಯ ಅಂಕಣವನ್ನೇ ಮೊದಲು ಓದಿ.

ಶೇಷವನ್ನು ಏನು ಮಾಡುವುದು

ಭಾಗಾಕಾರದಲ್ಲಿ 27.40 ಎಂದು ಬಂದರೂ ಸಂಸದರನ್ನು ದಶಾಂಶದಲ್ಲಿ ಆರಿಸಲಾಗುವುದಿಲ್ಲ. ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲಕ್ಕೆ, ಕಡಿಮೆಯಿದ್ದರೆ ಕೆಳಕ್ಕೆ ಎಂಬ ಶಾಲೆಯ ನಿಯಮ ಬಳಸಿದರೆ ಒಟ್ಟು ಮೊತ್ತ ಕೆಲವೊಮ್ಮೆ 543ಕ್ಕೆ ತಾಳೆಯಾಗುವುದಿಲ್ಲ. ಅದರ ಮೇಲೆ ಸಣ್ಣ ರಾಜ್ಯಗಳ ಪ್ರಶ್ನೆಯಿದೆ: 60 ಲಕ್ಷಕ್ಕೆ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಅನುಪಾತದ ನಿಯಮ ಅನ್ವಯಿಸುವುದಿಲ್ಲ. 2011ರಲ್ಲಿ 6,10,577 ಜನರಿದ್ದ ಸಿಕ್ಕಿಮಿಗೂ ಒಬ್ಬ ಸಂಸದರಿದ್ದಾರೆ. ಹಾಸನ ನಗರದ ಅರ್ಧದಷ್ಟೂ ಜನರಿಲ್ಲದ, 64,473 ಜನಸಂಖ್ಯೆಯ ಲಕ್ಷದ್ವೀಪ ಕೇಂದ್ರಾಡಳಿತ ಪ್ರದೇಶಕ್ಕೂ ಒಬ್ಬರಿದ್ದಾರೆ. ಇವುಗಳಿಗೆ ಕೊಟ್ಟ ಹೆಚ್ಚುವರಿ ದೊಡ್ಡ ರಾಜ್ಯಗಳ ಪಾಲಿನಿಂದಲೇ ಬರುವುದರಿಂದ ಮೇಲಿನ ನನ್ನ ಅಂಕಿಗಳಲ್ಲಿ ದಶಾಂಶದ ಮಟ್ಟದ ಏರುಪೇರು ಆಗಬಹುದು.

ಶೇಷದ ವಿಷಯ ಎಷ್ಟು ಸೂಕ್ಷ್ಮವೆಂಬುದಕ್ಕೆ ಅಮೆರಿಕದ ಉದಾಹರಣೆ ಸಾಕು. ಅಲ್ಲಿನ ಪ್ರತಿನಿಧಿಗಳ ಸಭೆಯ 435 ಸ್ಥಾನಗಳನ್ನು ಪ್ರತಿ ಹತ್ತು ವರ್ಷಕ್ಕೊಮ್ಮೆ ಜನಗಣತಿಯ ನಂತರ ರಾಜ್ಯಗಳ ನಡುವೆ ಹಂಚುತ್ತಾರೆ, ಮತ್ತು ಯಾವ ಗಣಿತ ಸೂತ್ರದಿಂದ ಹಂಚಬೇಕೆಂಬುದು 1941ರಿಂದ ಕಾನೂನಿನಲ್ಲಿಯೇ ಇದೆ. 2020ರ ಜನಗಣತಿಯ ನಂತರ ಟೆಕ್ಸಾಸ್ ಎರಡು ಸ್ಥಾನ ಗಳಿಸಿತು, ಕ್ಯಾಲಿಫೋರ್ನಿಯಾ ತನ್ನ ಚರಿತ್ರೆಯಲ್ಲಿ ಮೊದಲ ಬಾರಿಗೆ ಒಂದನ್ನು ಕಳೆದುಕೊಂಡಿತು, ಮತ್ತು ನ್ಯೂಯಾರ್ಕ್ ರಾಜ್ಯ ಕೇವಲ 89 ಜನ ಕಡಿಮೆಯಾದ ಕಾರಣಕ್ಕೆ ತನ್ನ ಒಂದು ಸ್ಥಾನವನ್ನು ಬಿಟ್ಟುಕೊಡಬೇಕಾಯಿತು. ಅಲ್ಲಿಯೂ ಒಮ್ಮೆ ಹಂಚಿಕೆ ನಿಂತುಹೋಗಿತ್ತು: 1920ರ ಜನಗಣತಿಯಲ್ಲಿ ನಗರವಾಸಿಗಳು ಹಳ್ಳಿಗರನ್ನು ಮೀರಿಸಿದ್ದು ಕಂಡುಬಂದಾಗ, ಗ್ರಾಮೀಣ ಪ್ರತಿನಿಧಿಗಳ ವಿರೋಧದಿಂದ ಆ ದಶಕದಲ್ಲಿ ಸ್ಥಾನಗಳ ಮರುಹಂಚಿಕೆಯೇ ನಡೆಯಲಿಲ್ಲ. ನಮ್ಮಲ್ಲಿ ರಾಜ್ಯರಾಜ್ಯಗಳ ನಡುವೆ ಇರುವ ಜಗಳ ಅಲ್ಲಿ ಹಳ್ಳಿಗೂ ನಗರಕ್ಕೂ ನಡುವೆ ಇತ್ತು. ಮುಂದಿನ ಲೆಕ್ಕ ನೋಡಿದರೆ, ನಮ್ಮಲ್ಲಿಯೂ ಆ ಎರಡನೆಯ ಜಗಳ ಇಲ್ಲವೆನ್ನಲಾಗುವುದಿಲ್ಲ.

ಜಿಲ್ಲೆಯ ಲೆಕ್ಕ

ವಿಧಾನಸಭೆಗೆ ಇದೇ ಭಾಗಾಕಾರವನ್ನು ರಾಜ್ಯದೊಳಗೆ ಮಾಡಬೇಕು. ಸೂತ್ರ ಸರಿಯಿದೆಯೇ ಎಂದು ಪರೀಕ್ಷಿಸಲು ಮೊದಲು ಈಗಾಗಲೇ ನಡೆದುಹೋದ ಹಂಚಿಕೆಯ ಮೇಲೆ ಪ್ರಯೋಗಿಸಿ. 2001ರಲ್ಲಿ ರಾಜ್ಯದ ಜನಸಂಖ್ಯೆ 5,28,50,562. ಅದನ್ನು 224ರಿಂದ ಭಾಗಿಸಿದರೆ ಒಂದು ಕ್ಷೇತ್ರಕ್ಕೆ 2,35,940. ಹಾಸನ ಜಿಲ್ಲೆಯ ಆಗಿನ ಜನಸಂಖ್ಯೆ 17,21,669, ಭಾಗಿಸಿದರೆ 7.30. ಚಿಕ್ಕಮಗಳೂರಿನದ್ದು 11,40,905, ಭಾಗಿಸಿದರೆ 4.84. ಬೆಂಗಳೂರು ನಗರ ಜಿಲ್ಲೆಯದ್ದು 65,37,124, ಭಾಗಿಸಿದರೆ 27.71. 2008ರಿಂದ ಹಾಸನಕ್ಕೆ 7, ಚಿಕ್ಕಮಗಳೂರಿಗೆ 5, ಬೆಂಗಳೂರು ನಗರಕ್ಕೆ 28 ಕ್ಷೇತ್ರಗಳಿವೆ. ಮೂರೂ ತಾಳೆಯಾಗುತ್ತವೆ. ಒಂದು ವಿಧಾನಸಭಾ ಕ್ಷೇತ್ರ ಒಂದೇ ಜಿಲ್ಲೆಯೊಳಗೆ ಇರಬೇಕೆಂಬ ಮಾರ್ಗಸೂಚಿಯನ್ನು ಆಯೋಗ ಪಾಲಿಸಿದ್ದರಿಂದಲೇ ಜಿಲ್ಲಾವಾರು ಲೆಕ್ಕ ಇಷ್ಟು ನೇರವಾಗಿ ಹೊಂದಿಕೊಳ್ಳುತ್ತದೆ.

2008ಕ್ಕೆ ಮೊದಲು ಹಾಸನಕ್ಕೆ ಎಂಟು, ಚಿಕ್ಕಮಗಳೂರಿಗೆ ಆರು ಕ್ಷೇತ್ರಗಳಿದ್ದವು. ಗಂಡಸಿ ಮತ್ತು ಬೀರೂರು ಎಂಬ ಎರಡು ಕ್ಷೇತ್ರಗಳು ಆ ವರ್ಷ ನಕ್ಷೆಯಿಂದಲೇ ಮಾಯವಾದವು. ಚಿಕ್ಕಮಗಳೂರು ಎಂಬ ಪ್ರತ್ಯೇಕ ಲೋಕಸಭಾ ಕ್ಷೇತ್ರವೂ, 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರನ್ನು ಆರಿಸಿ ದೇಶದ ಗಮನ ಸೆಳೆದಿದ್ದ ಆ ಕ್ಷೇತ್ರವೂ, ಅದೇ ವಿಂಗಡಣೆಯಲ್ಲಿ ಕೊನೆಗೊಂಡಿತು. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆಗಳು ಘಟ್ಟದ ಕೆಳಗಿನ ಕುಂದಾಪುರ, ಉಡುಪಿ, ಕಾಪು, ಕಾರ್ಕಳಗಳೊಂದಿಗೆ ಸೇರಿದವು. ಕಡೂರು ಹಾಸನ ಲೋಕಸಭಾ ಕ್ಷೇತ್ರದ ಪಾಲಾಯಿತು. ಕಡೂರಿನವರಿಗೆ ಜಿಲ್ಲಾಧಿಕಾರಿ ಚಿಕ್ಕಮಗಳೂರಿನಲ್ಲಿ, ಸಂಸದರು ಹಾಸನದವರು. ಇದೆಲ್ಲ ನಡೆದಾಗ ಕರ್ನಾಟಕದ ಲೋಕಸಭಾ ಸ್ಥಾನ 28ರಲ್ಲಿಯೇ, ವಿಧಾನಸಭಾ ಸ್ಥಾನ 224ರಲ್ಲಿಯೇ ಇತ್ತು ಎಂಬುದನ್ನು ಗಮನಿಸಬೇಕು. ನಮ್ಮ ಜಿಲ್ಲೆಗಳು ಕಳೆದುಕೊಂಡದ್ದು ಉತ್ತರ ಪ್ರದೇಶಕ್ಕೂ ಹೋಗಲಿಲ್ಲ, ಬಿಹಾರಕ್ಕೂ ಹೋಗಲಿಲ್ಲ.

ಈಗ 2011ರ ಅಂಕಿಗಳನ್ನು ಇಡಿ. 224 ಕ್ಷೇತ್ರಗಳಿಗೆ ಸರಾಸರಿ 2,72,747. ಹಾಸನದ ಜನಸಂಖ್ಯೆ 17,76,421, ಪಾಲು 6.51. ಚಿಕ್ಕಮಗಳೂರಿನದ್ದು 11,37,961, ಪಾಲು 4.17. ಬೆಂಗಳೂರು ನಗರದ್ದು 96,21,551, ಪಾಲು 35.28. ಹತ್ತು ವರ್ಷಗಳಲ್ಲಿ ಬೆಂಗಳೂರು ನಗರ ಜಿಲ್ಲೆ ಶೇ. 47ರಷ್ಟು ಬೆಳೆದರೆ ಹಾಸನ ಬೆಳೆದದ್ದು ಶೇ. 3ರ ಆಸುಪಾಸು, ಚಿಕ್ಕಮಗಳೂರು ಬೆಳೆಯಲೇ ಇಲ್ಲ; ಆ ದಶಕದಲ್ಲಿ ಜನಸಂಖ್ಯೆ ಇಳಿದ ರಾಜ್ಯದ ಏಕೈಕ ಜಿಲ್ಲೆ ಅದು. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಹೆರಿಗೆಗಳು ಕಡಿಮೆಯಾಗಿವೆ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಒಟ್ಟು ಫಲವತ್ತತೆ ದರ (ಅಂದರೆ ಒಬ್ಬ ಮಹಿಳೆಗೆ ಸರಾಸರಿ ಎಷ್ಟು ಮಕ್ಕಳು ಎಂಬ ಅಂಕಿ) 1.7, ಬಿಹಾರದ್ದು 3.0. ಅದಕ್ಕಿಂತ ಹೆಚ್ಚಾಗಿ, ಓದು ಮುಗಿಸಿದ ಮಕ್ಕಳು ತೋಟದ ಮನೆಯಲ್ಲಿ ಉಳಿಯುತ್ತಿಲ್ಲ. ಕೊಪ್ಪ, ನರಸಿಂಹರಾಜಪುರದ ಕಡೆ ಅಡಿಕೆ ತೋಟದ ನಡುವಿನ ಎಷ್ಟೋ ದೊಡ್ಡ ಮನೆಗಳಲ್ಲಿ ಇಬ್ಬರು ಹಿರಿಯರು ಮಾತ್ರ ಇರುವುದು, ಮಿಕ್ಕವರೆಲ್ಲ ಬೆಂಗಳೂರಿನಿಂದ ಹಬ್ಬಕ್ಕೆ ಬರುವುದು ಅಲ್ಲಿನವರಿಗೆ ಹೊಸ ಸಂಗತಿಯಲ್ಲ. ಆ ಮಿಕ್ಕವರು ಗಣತಿಯಲ್ಲಿ ಬೆಂಗಳೂರಿನವರು.

ಈ ಲೆಕ್ಕದ ಅತ್ಯಂತ ಸ್ವಾರಸ್ಯಕರ ಭಾಗ ಇಲ್ಲಿದೆ. 2001ರಿಂದ 2011ರವರೆಗೆ ದೇಶದ ಜನಸಂಖ್ಯೆ ಶೇ. 17.7ರಷ್ಟು ಹೆಚ್ಚಿತು, ಕರ್ನಾಟಕದ್ದು ಶೇ. 15.6ರಷ್ಟು. ಬೆಂಗಳೂರು ನಗರ ಜಿಲ್ಲೆಯನ್ನು ಎರಡೂ ವರ್ಷಗಳ ಅಂಕಿಯಿಂದ ಕಳೆದು ನೋಡಿದರೆ ಉಳಿದ ಕರ್ನಾಟಕದ ಬೆಳವಣಿಗೆ ಶೇ. 11.1 ಮಾತ್ರ. ಅಂದರೆ ದೆಹಲಿಯಲ್ಲಿ ಕರ್ನಾಟಕದ ಪಾಲನ್ನು 27.40ರಷ್ಟಾದರೂ ಹಿಡಿದು ನಿಲ್ಲಿಸಿರುವುದು ಬೆಂಗಳೂರಿನ ಬೆಳವಣಿಗೆ, ಅದರಲ್ಲೂ ಬೇರೆ ರಾಜ್ಯಗಳಿಂದ ಬಂದು ನೆಲೆಸಿದವರ ಸಂಖ್ಯೆ. ಹಾಸನ, ಚಿಕ್ಕಮಗಳೂರುಗಳ ಪಾಲನ್ನು ವಿಧಾನಸೌಧದಲ್ಲಿ ಕುಗ್ಗಿಸುವುದೂ ಅದೇ ಬೆಳವಣಿಗೆ. ವಲಸಿಗರ ಬಗ್ಗೆ ಬೇಸರಪಡುತ್ತ ಲೋಕಸಭಾ ಸ್ಥಾನದ ಬಗ್ಗೆ ಆತಂಕಪಡುವವರು ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ಒಳಿತು.

ಲೋಕಸಭೆಯ ಮಟ್ಟದಲ್ಲಿ ನಮ್ಮ ಜಿಲ್ಲೆಗಳ ಲೆಕ್ಕ ಚಿಕ್ಕದು. ಕರ್ನಾಟಕದ 28 ಸ್ಥಾನಗಳಿಗೆ 2011ರ ಸರಾಸರಿ 21.82 ಲಕ್ಷ, ಹಾಸನದ್ದು ಅದರ 0.81, ಚಿಕ್ಕಮಗಳೂರಿನದ್ದು 0.52. ಎರಡರ ಜನಸಂಖ್ಯೆಯನ್ನೂ ಕೂಡಿಸಿ ಭಾಗಿಸಿದರೆ 1.34. ಆದ್ದರಿಂದ ಚಿಕ್ಕಮಗಳೂರಿಗೆ ಸ್ವಂತ ಲೋಕಸಭಾ ಕ್ಷೇತ್ರ ಮರಳಿ ಬೇಕೆಂಬ ಬೇಡಿಕೆಗೆ ಈ ಗಣಿತದ ಬೆಂಬಲ ಇಲ್ಲ. ರಾಜ್ಯಕ್ಕೆ 36 ಅಥವಾ 37 ಸ್ಥಾನ ಬಂದರೆ ಸರಾಸರಿ 16.5 ಲಕ್ಷದಿಂದ 17 ಲಕ್ಷದ ನಡುವೆ ಬರುವುದರಿಂದ ಹಾಸನ ಒಂದೇ ಜಿಲ್ಲೆಯಾಗಿ ಒಂದು ಕ್ಷೇತ್ರವಾಗಬಹುದು. ಆಗ ಕಡೂರು ಎತ್ತ ಹೋಗುತ್ತದೆಂಬುದು ಹೊಸ ಪ್ರಶ್ನೆಯಾಗುತ್ತದೆ.

ಫೆಬ್ರವರಿಯಲ್ಲಿ ಯಾರು ಎಲ್ಲಿರುತ್ತಾರೆ

ಲೆಕ್ಕ ಎಷ್ಟೇ ಸರಿಯಾಗಿದ್ದರೂ ಒಳಗೆ ಹಾಕುವ ಅಂಕಿ ಗಣತಿದಾರರ ಪಟ್ಟಿಯಿಂದ ಬರಬೇಕು. 2011ರಲ್ಲಿ ಜನರನ್ನು ಎಣಿಸಿದ್ದು ಫೆಬ್ರವರಿ 9ರಿಂದ 28ರವರೆಗೆ. 2025ರ ಜೂನ್‌ನ ಅಧಿಸೂಚನೆಯ ಪ್ರಕಾರ ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ (ಯಾವ ದಿನದ ಜನಸಂಖ್ಯೆ ಎಂದು ಲೆಕ್ಕಕ್ಕೆ ಹಿಡಿಯುವ ದಿನ), ಹಿಮ ಬೀಳುವ ಪ್ರದೇಶಗಳನ್ನು ಬಿಟ್ಟು, 2027ರ ಮಾರ್ಚ್ 1. ನಮ್ಮ ಕಡೆಗೆ ಫೆಬ್ರವರಿ ತಿಂಗಳಿನ ಅರ್ಥವೇನೆಂದು ಹೊರಗಿನವರಿಗೆ ಹೊಳೆಯಲಾರದು: ಅದು ರೊಬಸ್ಟಾ ಕಾಫಿ ಕೊಯ್ಲಿನ ಕಾಲ. ಸಕಲೇಶಪುರ, ಮೂಡಿಗೆರೆಗಳ ತೋಟದ ಲೈನ್‌ಮನೆಗಳಲ್ಲಿ ಅಸ್ಸಾಂ, ಜಾರ್ಖಂಡ್, ಪಶ್ಚಿಮ ಬಂಗಾಳದ ಕಡೆಯಿಂದ ಬಂದ ಕೆಲಸಗಾರರ ಕುಟುಂಬಗಳು ತುಂಬಿರುವ ಕಾಲ.

ಜನಗಣತಿ ಕೇಳುವುದು ಎಣಿಕೆಯ ಅವಧಿಯಲ್ಲಿ ಯಾರು ಎಲ್ಲಿ ವಾಸವಿದ್ದಾರೆ ಎಂಬುದನ್ನು. ಮತದಾರರ ಪಟ್ಟಿಯಲ್ಲಿ ಹೆಸರು ಎಲ್ಲಿದೆ, ಪಡಿತರ ಚೀಟಿ ಯಾವ ಊರಿನದು, ಮಾತೃಭಾಷೆ ಯಾವುದು ಎಂಬುದರಿಂದ ಎಣಿಕೆಯ ಸ್ಥಳ ಬದಲಾಗುವುದಿಲ್ಲ. ಆ ಅವಧಿಯುದ್ದಕ್ಕೂ ಲೈನ್‌ಮನೆಯಲ್ಲಿರುವ ಕೆಲಸಗಾರನನ್ನು ಅಲ್ಲಿಯೇ ಎಣಿಸಬೇಕು. ಅವಧಿ ಪೂರ್ತಿ ಬೆಂಗಳೂರಿನಲ್ಲಿರುವ ಮಗನನ್ನು ಊರಿನ ಮನೆಯ ಪಟ್ಟಿಯಲ್ಲಿ ಬರೆಸಬಾರದು. ಮಗನ ಹೆಸರನ್ನು ಎರಡೂ ಕಡೆ ಬರೆಸುವ ಆಸೆ ಅನೇಕರಿಗಿರುತ್ತದೆ, ಅದು ತಪ್ಪು. ಆದರೆ ಲೈನ್‌ಮನೆಯವರನ್ನು ‘ಹೊರಗಿನವರು’ ಎಂದು ಬಿಟ್ಟುಬಿಡುವುದು ಅಷ್ಟೇ ದೊಡ್ಡ ತಪ್ಪು, ಮತ್ತು ಜಿಲ್ಲೆಗೆ ಹೆಚ್ಚು ನಷ್ಟ ತರುವಂಥದ್ದು. ತೋಟದ ಮಾಲೀಕರು ಹಾಗೂ ರೈಟರುಗಳು (ತೋಟದ ಗುಮಾಸ್ತರು) ಗಣತಿದಾರರನ್ನು ಗೇಟಿನಿಂದ ಬಂಗಲೆಗೆ ಮಾತ್ರ ಕರೆದೊಯ್ಯದೆ ಕೊನೆಯ ಲೈನಿನವರೆಗೂ ಕರೆದೊಯ್ದರೆ ಅದು ಈ ಲೇಖನದ ಎಲ್ಲ ಭಾಗಾಕಾರಗಳಿಗಿಂತ ಹೆಚ್ಚು ಉಪಯುಕ್ತವಾದ ಕೆಲಸ.

ಆಕ್ಷೇಪಣೆ ಬರೆಯುವಾಗ

ಪುನರ್ವಿಂಗಡಣಾ ಆಯೋಗದ ಅಂತಿಮ ಆದೇಶಕ್ಕೆ ಕಾನೂನಿನ ಬಲವಿರುತ್ತದೆ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು 329ನೇ ವಿಧಿ ಅಡ್ಡಬರುತ್ತದೆ. ಹೀಗಾಗಿ ಸಾರ್ವಜನಿಕರ ಮಾತಿಗೆ ನಿಜವಾದ ಬೆಲೆ ಇರುವುದು ಕರಡು ಪ್ರಕಟವಾಗಿ ಆಕ್ಷೇಪಣೆಗಳನ್ನು ಕರೆಯುವ ಹಂತದಲ್ಲಿ, ಸಾರ್ವಜನಿಕ ಸಭೆಗಳು ನಡೆಯುವಾಗ. 2002ರ ಪುನರ್ವಿಂಗಡಣಾ ಕಾಯಿದೆಯ ಪ್ರಕಾರ ಸಾಮಾನ್ಯವಾಗಿ ಪ್ರತಿ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗದ ಸಹಸದಸ್ಯರಾಗಿದ್ದರು. ಅವರಿಗೆ ಮತ ಹಾಕುವ ಅಧಿಕಾರ ಇರಲಿಲ್ಲ. ಶಾಸಕರ ಮೇಲೆಯೇ ಭಾರ ಹಾಕಿ ಕೂರುವುದರಿಂದ ಪ್ರಯೋಜನವಿಲ್ಲ.

ನಮ್ಮ ತಾಲ್ಲೂಕಿಗೆ ಇತಿಹಾಸವಿದೆ, ನಮ್ಮ ನಾಯಕರು ಇಂಥವರು ಎಂದು ಬರೆದ ಮನವಿ ಆಯೋಗದ ಮುಂದೆ ನಿಲ್ಲುವುದಿಲ್ಲ. ಆಯೋಗ ನೋಡುವುದು ಜನಸಂಖ್ಯೆ, ಭೂಲಕ್ಷಣ, ಆಡಳಿತದ ಗಡಿ, ಸಂಪರ್ಕ ಸೌಕರ್ಯ ಮತ್ತು ಜನರ ಅನುಕೂಲ. ಹಿಂದಿನ ಆಯೋಗ ಸರಾಸರಿಗಿಂತ ಶೇ. 10ರಷ್ಟು ಹೆಚ್ಚುಕಡಿಮೆಯನ್ನು ಒಪ್ಪುವ ಮಾರ್ಗಸೂಚಿ ಇಟ್ಟುಕೊಂಡಿತ್ತು. ನಿಮ್ಮ ವಾದ ಈ ಚೌಕಟ್ಟಿನೊಳಗೆ ನಿಲ್ಲುತ್ತದೆಯೇ ಎಂದು ಮೊದಲೇ ಪರೀಕ್ಷಿಸಿಕೊಳ್ಳಬಹುದು. 2011ರ ಸರಾಸರಿ 2,72,747ಕ್ಕೆ ಶೇ. 10ನ್ನು ಕಳೆದು ಕೂಡಿದರೆ 2,45,472ರಿಂದ 3,00,022ರವರೆಗಿನ ವ್ಯಾಪ್ತಿ ಸಿಗುತ್ತದೆ. ಹಾಸನವನ್ನು ಏಳು ಕ್ಷೇತ್ರಗಳಾಗಿ ಮಾಡಿದರೆ ಒಂದಕ್ಕೆ 2,53,774. ಆರಾಗಿ ಮಾಡಿದರೆ 2,96,070. ಎರಡೂ ವ್ಯಾಪ್ತಿಯೊಳಗೇ ಇರುವುದರಿಂದ ಏಳನ್ನೇ ಉಳಿಸಿ ಎಂದು ಹಾಸನದವರು ಅಂಕಿಗಳ ಆಧಾರದ ಮೇಲೆಯೇ ವಾದಿಸಬಹುದು. ಚಿಕ್ಕಮಗಳೂರನ್ನು ಐದಾಗಿ ಮಾಡಿದರೆ ಒಂದಕ್ಕೆ 2,27,592. ಅದು ಸರಾಸರಿಗಿಂತ ಸುಮಾರು ಶೇ. 16.6 ಕಡಿಮೆ, ವ್ಯಾಪ್ತಿಯ ಹೊರಗೆ. ನಾಲ್ಕಾದರೆ 2,84,490, ವ್ಯಾಪ್ತಿಯ ಒಳಗೆ.

ಆದ್ದರಿಂದ ಚಿಕ್ಕಮಗಳೂರಿನವರ ಮನವಿ ಬೇರೆಯದೇ ಆಗಿರಬೇಕು. ವಿಧಾನಸಭೆಯ ಒಟ್ಟು ಗಾತ್ರವನ್ನು ಹೆಚ್ಚಿಸಿ ಎಂದು ಸಂಸತ್ತನ್ನೂ ರಾಜ್ಯ ಸರ್ಕಾರವನ್ನೂ ಕೇಳುವುದು ಒಂದು ದಾರಿ. 2011ರ ಅಂಕಿಗಳಲ್ಲಿ ಒಟ್ಟು 242 ಸ್ಥಾನಗಳಾದರೆ ಜಿಲ್ಲೆಯ ಪಾಲು 4.5ನ್ನು ದಾಟುತ್ತದೆ. ಭೂಲಕ್ಷಣ ಮತ್ತು ಸಂಪರ್ಕದ ಆಧಾರದ ಮೇಲೆ ವಿನಾಯಿತಿ ಕೇಳುವುದು ಇನ್ನೊಂದು ದಾರಿ. ಶೃಂಗೇರಿ ಕ್ಷೇತ್ರ ಈಗಾಗಲೇ ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳನ್ನು ಒಳಗೊಂಡಿದೆ. ಮೂಡಿಗೆರೆ ಕ್ಷೇತ್ರ ಕಳಸದ ಕಡೆಯ ಕಾಡಂಚಿನ ಹಳ್ಳಿಗಳವರೆಗೆ ಚಾಚಿದೆ. ಐದು ನಾಲ್ಕಾದರೆ ಈ ಕ್ಷೇತ್ರಗಳು ಇನ್ನಷ್ಟು ಹಿಗ್ಗುತ್ತವೆ. ಮನವಿಯಲ್ಲಿ ಇದನ್ನು ಭಾವುಕವಾಗಿ ಬರೆಯಬೇಡಿ. ಹೋಬಳಿವಾರು ಜನಸಂಖ್ಯೆಯನ್ನು ಜಿಲ್ಲಾ ಜನಗಣತಿ ಕೈಪಿಡಿಯ ಗ್ರಾಮವಾರು ಪಟ್ಟಿಯಿಂದ ಕೂಡಿಸಿ ಬರೆಯಿರಿ, ಪ್ರತಿ ಹೋಬಳಿ ಕೇಂದ್ರದಿಂದ ಪ್ರಸ್ತಾಪಿತ ಕ್ಷೇತ್ರದ ಕೇಂದ್ರಕ್ಕೆ ಇರುವ ರಸ್ತೆಯ ದೂರವನ್ನು ನಮೂದಿಸಿ, ಮಳೆಗಾಲದಲ್ಲಿ ಯಾವ ರಸ್ತೆ ಎಲ್ಲಿ ಕಡಿತವಾಗುತ್ತದೆಂದು ನಕ್ಷೆಯಲ್ಲಿ ಗುರುತಿಸಿ, ಮತ್ತು ನಿಮ್ಮ ಪರ್ಯಾಯ ಪ್ರಸ್ತಾವದಲ್ಲಿ ಪಕ್ಕದ ಕ್ಷೇತ್ರದ ಜನಸಂಖ್ಯೆ ಎಷ್ಟಾಗುತ್ತದೆಂದೂ ತೋರಿಸಿ. ಒಂದು ಹೋಬಳಿಯನ್ನು ಇತ್ತ ಎಳೆದರೆ ಅತ್ತ ಎಷ್ಟು ಕುಗ್ಗುತ್ತದೆಂದು ಹೇಳದ ಮನವಿಯನ್ನು ಅಧಿಕಾರಿಗಳು ಎರಡನೇ ಬಾರಿ ಓದುವುದು ಅಪರೂಪ.

ಮಹಿಳಾ ಮೀಸಲಾತಿಯೂ ಈ ಕೆಲಸಕ್ಕೆ ಜೋಡಿಸಿಕೊಂಡಿದೆ. 2023ರ 106ನೇ ತಿದ್ದುಪಡಿ ಲೋಕಸಭೆ ಮತ್ತು ವಿಧಾನಸಭೆಗಳ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಟ್ಟಿದ್ದರೂ, ಆ ತಿದ್ದುಪಡಿಯ ಪಠ್ಯದಂತೆ ಅದು ಜಾರಿಯಾಗುವುದು ಮುಂದಿನ ಜನಗಣತಿ ಮತ್ತು ಅದನ್ನು ಆಧರಿಸಿದ ಪುನರ್ವಿಂಗಡಣೆಯ ನಂತರ. ಹಾಗಾಗಿ ಕರಡು ಪ್ರಕಟವಾದ ದಿನ ನಿಮ್ಮ ಕ್ಷೇತ್ರದ ಗಡಿಯ ಜೊತೆಗೆ ಅದರ ಮೀಸಲಾತಿಯ ಅಂಕಣವನ್ನೂ ನೋಡಿ, ಆಕ್ಷೇಪಣೆಗೆ ಕೊಟ್ಟ ಕೊನೆಯ ದಿನಾಂಕವನ್ನು ಹಾಳೆಯ ಮೇಲ್ಭಾಗದಲ್ಲಿಯೇ ಬರೆದುಕೊಳ್ಳಿ.